ಪಾರ್ಶ್ವವಾಯುವಿನ ಬಳಿಕ ವ್ಯಾಯಾಮ: ಎಂದಿನಿಂದ, ಎಷ್ಟು?

(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಚಾಳಿನಲ್ಲಿ ಒಬ್ಬರಿಗೆ ಲಕ್ವ ಹೊಡೆಯಿತೆಂದರೆ ಎರಡು ಬಗೆಯ ಬುದ್ಧಿವಾದಗಳು ಬಾಗಿಲಿಗೆ ಬರುತ್ತವೆ. "ಅವರನ್ನು ಅಲುಗಿಸಬೇಡಿ, ಮಲಗಿರಲಿ" ಎಂಬುದು ಒಂದು. "ಇಂದೇ ಎಬ್ಬಿಸಿ ನಡೆಸಿರಿ, ಇಲ್ಲವಾದರೆ ಕಾಲು ಹೋಯಿತೆಂದೇ ತಿಳಿಯಿರಿ" ಎಂಬುದು ಇನ್ನೊಂದು. ಹೇಳುವವರೆಲ್ಲರೂ ನಮ್ಮ ಹಿತೈಷಿಗಳೇ. ಆದರೆ ಒಬ್ಬರ ದುಡಿಮೆಯನ್ನು ನಂಬಿ ಇಲ್ಲಿಯ ಖೋಲಿಯೂ ಊರಿನ ಮನೆಯೂ ನಡೆಯುತ್ತಿರುವಾಗ, ಯಾರ ಮಾತನ್ನು ಕೇಳಬೇಕೆಂಬುದು ಸಣ್ಣ ಪ್ರಶ್ನೆಯಲ್ಲ. ಆದಕಾರಣ ಇಂದು ಈ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ಪಾರ್ಶ್ವವಾಯುವಿನಲ್ಲಿ ಕೆಡುವುದು ಕೈಕಾಲಲ್ಲ, ಮಿದುಳು. ರಕ್ತನಾಳ ಕಟ್ಟಿಕೊಂಡೋ ಒಡೆದೋ ಮಿದುಳಿನ ಒಂದು ಭಾಗ ಸಾಯುತ್ತದೆ. ಆ ಭಾಗದ ಆಜ್ಞೆಯಲ್ಲಿದ್ದ ಅಂಗ ನಿಲ್ಲುತ್ತದೆ. ಉಳಿದ ಭಾಗಗಳು ಆ ಕೆಲಸವನ್ನು ಎಷ್ಟೋ ಮಟ್ಟಿಗೆ ಮತ್ತೆ ಕಲಿಯಬಲ್ಲವು, ಕಲಿಯುವುದು ಅಭ್ಯಾಸದಿಂದಲೇ. ಇದರ ಜೊತೆಗೆ, ಮಲಗಿದಲ್ಲೇ ಇರುವುದರಿಂದ ಹೃದಯದ ಮತ್ತು ಸ್ನಾಯುಗಳ ಕಸುವು ಇಳಿಯುತ್ತದೆ. ಕುಂಟುತ್ತ ನಡೆಯುವವನಿಗೆ ಸರಿಯಾಗಿ ನಡೆಯುವವನಿಗಿಂತ ಹೆಚ್ಚು ಶಕ್ತಿ ಬೇಕು, ಇರುವುದೋ ಕಡಿಮೆ. ಹತ್ತು ಹೆಜ್ಜೆಗೇ ಏದುಸಿರು ಬರುವುದು ಇದರಿಂದ. ಈ ಕಸುವನ್ನು ಮರಳಿ ತರುವುದಕ್ಕೆ ನಾಡಿ ಏರುವಂತೆ ನಡೆಯುವ ವ್ಯಾಯಾಮ ಬೇಕು.

ಹಾಗಾದರೆ ಎಂದಿನಿಂದ? 2015ರಲ್ಲಿ ಪ್ರಕಟವಾದ 'ಅವರ್ಟ್' ಎಂಬ ಪರೀಕ್ಷೆಯಲ್ಲಿ 5 ದೇಶಗಳ 2104 ರೋಗಿಗಳಿದ್ದರು. ಅರ್ಧ ಮಂದಿಯನ್ನು ಮೊದಲ 24 ಗಂಟೆಯೊಳಗೇ ಎಬ್ಬಿಸಿ, ವಾಡಿಕೆಗಿಂತ ಹೆಚ್ಚು ಸಲ ಕೂರಿಸಿ ನಿಲ್ಲಿಸಿ ನಡೆಸಿದರು. ಮೂರು ತಿಂಗಳ ಬಳಿಕ ನೋಡಿದರೆ, ಈ ಗುಂಪಿನಲ್ಲಿ ಚೆನ್ನಾಗಿ ಚೇತರಿಸಿಕೊಂಡವರು ನೂರಕ್ಕೆ 46. ವಾಡಿಕೆಯ ಆರೈಕೆ ಪಡೆದವರಲ್ಲಿ 50. ಅವಸರ ಲಾಭ ತರಲಿಲ್ಲ. ಹಾಗೆಂದು ಮಲಗಿಸಿಯೇ ಇಡಬೇಕೆಂದು ಯಾರೂ ತಿಳಿಯಬಾರದು. ವಾಡಿಕೆಯ ಆರೈಕೆಯಲ್ಲಿಯೂ ರೋಗಿಯನ್ನು ಬೇಗನೆ ಎಬ್ಬಿಸುತ್ತಿದ್ದರು. ಒಂದೇ ಸಲ ಬಹಳ ಹೊತ್ತು ದಣಿಸುವುದಕ್ಕಿಂತ, ಸ್ವಲ್ಪ ಸ್ವಲ್ಪ ಹೊತ್ತು ಹಲವು ಸಲ ಎಬ್ಬಿಸುವುದು ಮೇಲು ಎಂದು ಅದೇ ಪರೀಕ್ಷೆಯ ಲೆಕ್ಕಗಳು ಸೂಚಿಸಿದವು.

ಅನಂತರದ ವಾರಗಳ ಮಾತೇನು? ಜರ್ಮನಿಯಲ್ಲಿ 200 ಮಂದಿಗೆ, ರೋಗ ಬಂದ ಮೊದಲ ವಾರಗಳಲ್ಲಿ ನಡೆಸಿದ ಪರೀಕ್ಷೆ 2019ರಲ್ಲಿ ಪ್ರಕಟವಾಯಿತು. ಎಂದಿನ ಚಿಕಿತ್ಸೆಯ ಜೊತೆಗೆ ಒಂದು ಗುಂಪಿಗೆ ಟ್ರೆಡ್‌ಮಿಲ್ಲಿನ ವ್ಯಾಯಾಮ, ಇನ್ನೊಂದಕ್ಕೆ ಬರಿಯ ವಿಶ್ರಾಂತಿಯ ಅಭ್ಯಾಸ. ನಾಲ್ಕು ವಾರಗಳ ಈ ಶ್ರಮದಿಂದ ಮೊದಲ ಗುಂಪಿನ ನಡಿಗೆಯ ವೇಗವಾಗಲಿ ದಿನಚರಿಯ ಸಾಮರ್ಥ್ಯವಾಗಲಿ ಹೆಚ್ಚಾಗಿ ಮೇಲೇರಲಿಲ್ಲ; ಅಪಾಯದ ಘಟನೆಗಳು ಮಾತ್ರ ತುಸು ಹೆಚ್ಚು ಕಂಡವು.

ಈಗ ಸಮಾಧಾನದ ಮಾತು. "ಆರು ತಿಂಗಳು ಕಳೆದ ಮೇಲೆ ಬರುವುದೇನೂ ಇಲ್ಲ" ಎಂದು ಕೈಚೆಲ್ಲುವವರು ನಮ್ಮಲ್ಲಿ ಬಹಳ. 2023ರಲ್ಲಿ ಅಮೆರಿಕದಿಂದ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ರೋಗ ಬಂದು ಆರು ತಿಂಗಳಿಂದ ಐದು ವರ್ಷವಾಗಿದ್ದ 55 ಮಂದಿ ವಾರಕ್ಕೆ 3 ಸಲ, 45 ನಿಮಿಷದಂತೆ 12 ವಾರ ನಡೆದರು. ಒಂದು ಗುಂಪಿನವರದು ಒಂದೇ ಹದದ ನಡಿಗೆ. ಇನ್ನೊಂದು ಗುಂಪಿನವರದು ಅರ್ಧ ನಿಮಿಷ ಬಿರುಸು, ಮತ್ತೆ ಬಿಡುವು, ಮತ್ತೆ ಬಿರುಸು. ಆರು ನಿಮಿಷದಲ್ಲಿ ನಡೆಯಬಲ್ಲ ದೂರ ಮೊದಲಿನವರಿಗೆ 27 ಮೀಟರ್ ಹೆಚ್ಚಿತು, ಬಿರುಸಿನವರಿಗೆ 71. ಆದರೆ ನಾಲ್ಕು ವಾರಕ್ಕೇ ನೋಡಿದಾಗ ಎರಡು ಗುಂಪುಗಳಿಗೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ತಾಳ್ಮೆಯೂ ಔಷಧವೇ. ಒಂದು ಎಚ್ಚರ: ಅವರನ್ನು ಮೊದಲೇ ಹೃದಯ ಪರೀಕ್ಷೆ ಮಾಡಿ ಆರಿಸಿದ್ದರು, ತಜ್ಞರು ಪಕ್ಕದಲ್ಲಿದ್ದರು. ವೈದ್ಯರ ಅಪ್ಪಣೆಯಿಲ್ಲದೆ ಬಿರುಸಿಗೆ ಇಳಿಯಕೂಡದು.

"ನಮಗೆ ಟ್ರೆಡ್‌ಮಿಲ್ ಎಲ್ಲಿಂದ?" ಎಂದು ಕೇಳುವಿರಿ. ಅಮೆರಿಕದಲ್ಲಿಯೇ 408 ಮಂದಿಯನ್ನು ನೋಡಿ 2011ರಲ್ಲಿ ಪ್ರಕಟಿಸಿದ ಇನ್ನೊಂದು ಪರೀಕ್ಷೆಯಲ್ಲಿ, ಯಂತ್ರದ ಮೇಲೆ ನಡೆದವರೂ, ಮನೆಯಲ್ಲಿಯೇ ಫಿಸಿಯೋಥೆರಪಿಸ್ಟರ ಕೈಕೆಳಗೆ ಬಲದ ಮತ್ತು ಸಮತೋಲದ ವ್ಯಾಯಾಮ ಮಾಡಿದವರೂ ಒಂದು ವರ್ಷದ ಕೊನೆಗೆ ಸರಿಸಮಾನವಾಗಿ ಸುಧಾರಿಸಿದ್ದರು. ನಮ್ಮ ಚಾಳಿನ ಗ್ಯಾಲರಿಯೂ ಸಾಕು.

ಆದ್ದರಿಂದ ನಾವು ಮಾಡಬೇಕಾದದ್ದು ಇಷ್ಟು. ಆಸ್ಪತ್ರೆಯಿಂದ ಬಿಡುವ ದಿನವೇ, ಯಾವ ವ್ಯಾಯಾಮ, ಎಷ್ಟು ಹೊತ್ತು, ನಾಡಿ ಎಷ್ಟಕ್ಕೆ ಏರಬಹುದು ಎಂಬುದನ್ನು ಬರೆಯಿಸಿಕೊಳ್ಳಿರಿ. ಆರೈಕೆಗೆಂದು ರೋಗಿಯನ್ನು ಊರಿಗೆ ಕಳುಹಿಸುವುದಾದರೆ ಆ ಚೀಟಿಯೂ ಜೊತೆಗೆ ಹೋಗಲಿ. ಅದಿಲ್ಲದೆ ಹೋದವರು ಊರಲ್ಲಿ ಮಂಚ ಹಿಡಿದುಬಿಡುತ್ತಾರೆ. ನಡೆಯುವಾಗ ಮಾತಾಡಲು ಬರುವಂತಿರಬೇಕು, ಹಾಡಲು ಬಾರದಂತಿರಬೇಕು. ಹದವಾದ ಶ್ರಮಕ್ಕೆ ಇದೇ ಅಳತೆ. ಎದೆನೋವು, ತಲೆಸುತ್ತು ಕಂಡರೆ ಒಡನೆ ನಿಲ್ಲಿಸಿ ವೈದ್ಯರಿಗೆ ತಿಳಿಸಿರಿ. ಬೀಳದಂತೆ ಪಕ್ಕದಲ್ಲೊಬ್ಬರು ಇರಲಿ. ಹದಿನೈದು ದಿನಕ್ಕೊಮ್ಮೆ ಆರು ನಿಮಿಷದಲ್ಲಿ ನಡೆದ ದೂರವನ್ನು ಒಂದು ವಹಿಯಲ್ಲಿ ಬರೆದಿಡಿರಿ; ಲೆಕ್ಕ ಬರೆಯುವುದು ನಮ್ಮಲ್ಲನೇಕರ ಉದ್ಯೋಗವೇ ಅಲ್ಲವೆ?

ಪಕ್ಕದ ಖೋಲಿಯವರಿಗೆ ಸಂಜೆ ಕಾಲು ಗಂಟೆ ಜೊತೆಗೆ ನಡೆಯುವವರೊಬ್ಬರು ಬೇಕಾಗಿರಬಹುದು. ಆಫೀಸಿನಿಂದ, ಮಿಲ್ಲಿನಿಂದ ಬಂದವರು ಆ ಕಾಲು ಗಂಟೆಯನ್ನು ಕೊಟ್ಟರೆ ನಮ್ಮ ಇಂದಿನ ಮಾತು ಸಾರ್ಥಕ.