ಮನೆ ಒಕ್ಕಲು

ಹೊಸ ಮನೆಯನ್ನು ಕಟ್ಟಿ, ಅದರಲ್ಲಿ ಮೊದಲ ಸಲ ಹಾಲುಕ್ಕಿಸಿ ವಾಸಕ್ಕೆ ಹೋಗುವ ಶುಭಕಾರ್ಯವನ್ನು ಪೇಟೆಯವರು ಗೃಹಪ್ರವೇಶವೆನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಅದಕ್ಕೆ ‘ಮನೆ ಒಕ್ಕಲು’ ಎಂದು ಹೆಸರು. ಬೇಸಾಯಕ್ಕೆ ಒಕ್ಕಲುತನವೆಂದು ಹೆಸರು. ಕಣದಲ್ಲಿ ತೆನೆಯಿಂದ ಕಾಳನ್ನು ಬೇರೆಮಾಡುವ ಕೆಲಸಕ್ಕೆ ಒಕ್ಕಣೆಯೆಂದು ಹೆಸರು. ಒಂದು ಊರಿನಲ್ಲಿ ಎಷ್ಟು ಸಂಸಾರಗಳಿವೆಯೆಂದು ತಿಳಿಯಬೇಕಾದರೆ, ‘ಎಷ್ಟು ಒಕ್ಕಲು?’ ಎಂದೇ ಕೇಳುವುದು ವಾಡಿಕೆ. ಈ ಮಾತುಗಳ ಧಾತು ಒಂದೆಯೋ ಎರಡೋ ಎಂಬ ಚರ್ಚೆ ನಿಘಂಟುಕಾರರಿಗಿರಲಿ. ಬಳಕೆಯಲ್ಲಂತೂ ಹೊಲ, ಕಣ, ಮನೆ ಈ ಮೂರನ್ನೂ ಒಂದೇ ಸದ್ದು ಹಿಡಿದಿಟ್ಟುಕೊಂಡಿದೆ. ಹೊಲವಿದ್ದವನಿಗೆ ಕಣ, ಕಣ ತುಂಬಿದವನಿಗೆ ಮನೆ, ಮನೆಯಿದ್ದವನೇ ಊರಿನಲ್ಲಿ ಒಬ್ಬ ಒಕ್ಕಲು: ಇದು ಆ ಮಾತಿನ ಒಳಗಿರುವ ಲೆಕ್ಕ.

ಈ ಮೂರು ಕೊಂಡಿಗಳಲ್ಲಿ ಹೊಲದ ಕೊಂಡಿಯೊಂದು ಕಳಚಿಕೊಂಡರೆ ಮನೆ ಹೇಗೆ ನಿಲ್ಲುತ್ತದೆ? ಇದು ಊಹೆಯ ಪ್ರಶ್ನೆಯಲ್ಲ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು ಮೊದಲಾದ ಊರುಗಳು ಈಗ ಎದುರಿಸುತ್ತಿರುವ ಪ್ರಶ್ನೆ. ಅದನ್ನು ಕುರಿತು ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡಬೇಕೆಂದು ಆಶಿಸುತ್ತೇನೆ.

ಪಾವಗಡ ತಾಲ್ಲೂಕು ಕರ್ನಾಟಕಕ್ಕೆ ಸೇರಿದ್ದರೂ ಅದರ ಸುತ್ತಲೂ ಬಹುಪಾಲು ಆಂಧ್ರದ ನೆಲವೇ ಇದೆ. ಮಾತಿನಲ್ಲಿ ಕನ್ನಡವೂ ತೆಲುಗೂ ಅಕ್ಕತಂಗಿಯರಂತೆ ಒಂದೇ ಜಗಲಿಯ ಮೇಲೆ ಕುಳಿತಿವೆ. ‘ಚೆರುವು’ ಎಂದರೆ ತೆಲುಗಿನಲ್ಲಿ ಕೆರೆ. ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಹೆಸರುಗಳ ತುದಿಯಲ್ಲಿ ನಮಗೆ ಕೇಳಿಬರುವುದು ಆ ಕೆರೆಯೇ ಇರಬೇಕೆಂದು ತೋರುತ್ತದೆ. ಹೆಸರಿನಲ್ಲಿ ನೀರಿದ್ದರೂ ಆಕಾಶದಲ್ಲಿ ಅಷ್ಟಿಲ್ಲ. ಮಲೆನಾಡಿನ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದುಂಟು. ಪಾವಗಡದ ಪಾಲಿಗೆ ಬರುವುದು ಸುಮಾರು 500 ರಿಂದ 600 ಮಿಲಿಮೀಟರು ಮಾತ್ರ. ಅದೂ ಹೇಳಿದ ಹೊತ್ತಿಗೆ ಬರುವ ಅತಿಥಿಯಲ್ಲ.

ಆದುದರಿಂದ ಇಲ್ಲಿಯ ಮನೆವಾರ್ತೆಯೆಲ್ಲ ಮಳೆ ನಕ್ಷತ್ರಗಳ ಮುಖ ನೋಡಿಕೊಂಡು ನಡೆದು ಬಂದಿತು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಏಪ್ರಿಲ್ ಕೊನೆಗೆ ಭರಣಿ, ಮೇ ಕೊನೆಯ ವಾರದಲ್ಲಿ ರೋಹಿಣಿ, ಜೂನ್ ಎಂಟರ ಸುಮಾರಿಗೆ ಮೃಗಶಿರ, ಇಪ್ಪತ್ತೆರಡರ ಸುಮಾರಿಗೆ ಆರಿದ್ರೆ, ಜುಲೈ ತಿಂಗಳಲ್ಲಿ ಪುನರ್ವಸು ಮತ್ತು ಪುಷ್ಯ. ಹೀಗೆ ಲೆಕ್ಕ ಮುಂದುವರಿದು, ಸೆಪ್ಟೆಂಬರಿನ ಉತ್ತರೆ, ಅಕ್ಟೋಬರಿನ ಚಿತ್ತೆಗಳನ್ನು ದಾಟಿ, ನವೆಂಬರಿನಲ್ಲಿ ವಿಶಾಖೆಗೆ ಮುಗಿಯುತ್ತದೆ. ಮೊದಲ ಮಳೆಗಳಿಗೆ ಉಳುಮೆ. ಜೂನ್ ಜುಲೈ ತಿಂಗಳ ಮಳೆಗೆ ಕಡಲೆಕಾಯಿ ಬಿತ್ತನೆ, ನಡುನಡುವೆ ತೊಗರಿಯ ಸಾಲು. ಹಸ್ತ ಚಿತ್ತೆಗಳ ಕಾಲಕ್ಕೆ ಭೂಮಿಯೊಳಗೆ ಕಾಯಿ ಬಲಿಯಬೇಕು. ಆಗ ಮಳೆ ಕೈಕೊಟ್ಟರೆ ಮೇಲೆ ಬಳ್ಳಿ ಹಸಿರು, ಕೆಳಗೆ ಕಾಯಿ ಜೊಳ್ಳು.

ಹೊಲದ ಈ ಪಂಚಾಂಗವೇ ಮನೆಯ ಪಂಚಾಂಗವೂ ಆಗಿತ್ತು. ಈ ಸೀಮೆಯ ಹಳೆಯ ಮನೆಯೆಂದರೆ ಮಣ್ಣಿನ ಮಾಳಿಗೆಯ ಮನೆ. ತೆಲುಗರು ಇದನ್ನು ಮಿದ್ದೆಯೆನ್ನುತ್ತಾರೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ದಬ್ಬೆ ಮತ್ತು ಸೊಪ್ಪುಸದೆ, ಅದರ ಮೇಲೆ ಮಣ್ಣಿನ ಹಾಸು, ಎಲ್ಲಕ್ಕೂ ಮೇಲೆ ಚೌಳು ಮಣ್ಣು. ಬೆಳೆಗೆ ಬಾರದ ಈ ಚೌಳು ಮಣ್ಣೇ ಮಾಳಿಗೆಗೆ ಬೇಕಾದದ್ದು. ಅದರಲ್ಲಿರುವ ಸೋಡಿಯಂ ಲವಣವು ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿ ಚದುರಿಸುತ್ತದೆ. ನೀರು ಬಿದ್ದೊಡನೆ ಆ ಕಣಗಳು ಸಂದುಗಳಲ್ಲಿ ಕುಳಿತು ದಾರಿಯನ್ನು ಮುಚ್ಚಿಬಿಡುತ್ತವೆ. ಮಳೆ ಒಳಗಿಳಿಯದೆ ದೋಣಿಯ ಮೂಲಕ ಹೊರಗೆ ಹರಿಯುತ್ತದೆ. ಹೊಲದಲ್ಲಿ ಪಿಡುಗಾದದ್ದು ಸೂರಿನ ಮೇಲೆ ಕಾವಲಾಗುವ ಈ ಉಪಾಯವನ್ನು ಕಂಡುಕೊಂಡವರು ಯಾವ ಶಾಲೆಯಲ್ಲಿಯೂ ರಸಾಯನ ಶಾಸ್ತ್ರವನ್ನು ಓದಿದವರಲ್ಲ.

ಇಂಥ ಮನೆ ಒಂದು ಸಲ ಕಟ್ಟಿ ಮರೆತುಬಿಡುವ ಮನೆಯಲ್ಲ. ಯುಗಾದಿಗೆ ಗೋಡೆಗೆ ಸುಣ್ಣ, ಕೆಳಪಟ್ಟಿಗೆ ಕೆಮ್ಮಣ್ಣು. ಮೃಗಶಿರ ಹುಟ್ಟುವುದರೊಳಗೆ ಮಾಳಿಗೆ ಹತ್ತಿ, ಬಿರುಕು ನೋಡಿ, ಹೊಸ ಚೌಳನ್ನು ಹರಡಿ ತುಳಿಯಬೇಕು. ಬಿತ್ತನೆಗೆ ಮುಂಚೆ ಪಡಸಾಲೆಯಲ್ಲಿ ಮನೆಯವರೆಲ್ಲ ಕುಳಿತು ಬಿತ್ತನೆಯ ಕಾಯಿಯನ್ನು ಬಿಡಿಸಬೇಕು. ಸುಗ್ಗಿಗೆ ಅಂಗಳ ಸಾರಿಸಬೇಕು, ಬಣವೆಗೆ ಜಾಗ ಮಾಡಬೇಕು. ಸಂಕ್ರಾಂತಿ ಕಳೆದು ಶಿವರಾತ್ರಿಯ ಸುಮಾರಿಗೆ ಹುಣಸೆ. ಜಗಲಿಯ ಮೇಲೆ ಹೆಂಗಸರು ಹಣ್ಣನ್ನು ಬಡಿದು ಬೀಜ ತೆಗೆಯುವ ಸದ್ದು ಬಿಸಿಲೇರುವವರೆಗೂ ಕೇಳುತ್ತಿರುತ್ತದೆ. ಮಾಘ, ಫಾಲ್ಗುಣ, ವೈಶಾಖಗಳೇ ಮನೆ ಒಕ್ಕಲಿಗೆ ಪ್ರಶಸ್ತವೆಂದು ಪುರೋಹಿತರು ಹೇಳುತ್ತಾರೆ. ಶಾಸ್ತ್ರದ ಮಾತು ಹಾಗಿರಲಿ, ವ್ಯವಹಾರದ ಕಣ್ಣಿನಿಂದ ನೋಡಿದರೂ ಅದು ಸರಿಯೇ. ಸುಗ್ಗಿ ಮುಗಿದು ಕೈಯಲ್ಲಿ ಕಾಸು, ಮಳೆಗೆ ಮುಂಚಿನ ಬಿಡುವು, ಒಣಗಿದ ಗೋಡೆ, ಕೆಲಸಕ್ಕೆ ಸಿಗುವ ನೆರೆಹೊರೆ, ಈ ನಾಲ್ಕೂ ಕೂಡುವುದು ಆ ತಿಂಗಳುಗಳಲ್ಲಿಯೇ.

ಮಳೆ ಸಾಲದ ವರ್ಷಗಳಲ್ಲಿ ಮನೆಗೆ ಬೀಗ ಬೀಳುತ್ತಿತ್ತು. ಮುದುಕರನ್ನು ಊರಿನಲ್ಲಿ ಬಿಟ್ಟು ದುಡಿಯುವವರು ಬೆಂಗಳೂರಿಗೆ ಹೋಗುವರು. ಅಲ್ಲಿ ಅವರು ಮಾಡುವ ಕೆಲಸವಾದರೂ ಏನು? ಬಹುಮಟ್ಟಿಗೆ ಕಟ್ಟಡದ ಕೆಲಸ. ತನ್ನ ಮಾಳಿಗೆಗೆ ಚೌಳು ಹಾಕಲು ಬಿಡುವಿಲ್ಲದವನು ಪರರ ಮನೆಗೆ ಮೂರನೆಯ ಅಂತಸ್ತನ್ನು ಏರಿಸುತ್ತಾನೆ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯ ಮೊದಲ ಅರ್ಧವನ್ನು ಅವನಷ್ಟು ಬಲ್ಲವರಿಲ್ಲ. ಆದರೆ ಕಟ್ಟಿದ್ದು ತನ್ನದಲ್ಲ.

ಇಂಥ ಸೀಮೆಗೆ ಬಿಸಿಲೇ ಬೆಳೆಯಾಗಿ ಬಂದ ಕಥೆ ನಿಮಗೆ ತಿಳಿದದ್ದೇ. ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮವು 2015ರಲ್ಲಿ ಸ್ಥಾಪನೆಯಾಯಿತು. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಈ ಐದು ಊರುಗಳ ಸುಮಾರು 13,000 ಎಕರೆ ನೆಲದಲ್ಲಿ ಸೌರ ವಿದ್ಯುತ್ತಿನ ಸ್ಥಾವರಗಳು ಎದ್ದವು. ‘ಶಕ್ತಿಸ್ಥಳ’ವೆಂದು ಹೆಸರಿಟ್ಟು 2018ರ ಮಾರ್ಚ್ 1ರಂದು ಅದನ್ನು ಉದ್ಘಾಟಿಸಿದರು. 2019ರ ಕೊನೆಯ ಹೊತ್ತಿಗೆ 2050 ಮೆಗಾವಾಟ್ ಶಕ್ತಿಯ ಸ್ಥಾವರಗಳು ಪೂರ್ತಿಯಾದವು. ಇದರಲ್ಲಿ ಗಮನಿಸಬೇಕಾದ ವಿಶೇಷವೆಂದರೆ, ಸರ್ಕಾರವು ನೆಲವನ್ನು ಕೊಂಡುಕೊಳ್ಳಲಿಲ್ಲ. 28 ವರ್ಷಗಳ ಮಟ್ಟಿಗೆ ಗುತ್ತಿಗೆಗೆ ಪಡೆಯಿತು. ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. ಪಹಣಿಯಲ್ಲಿ ರೈತನ ಹೆಸರು ಹಾಗೆಯೇ ಉಳಿಯಿತು.

ಮಳೆ ನಕ್ಷತ್ರಗಳ ಪಟ್ಟಿಯಲ್ಲಿಲ್ಲದ ಮಳೆ ಇದು. ಭರಣಿ ತಪ್ಪಿದರೂ ಇದು ತಪ್ಪುವುದಿಲ್ಲವೆಂಬ ಭರವಸೆ ಸಾಮಾನ್ಯವಾದುದಲ್ಲ. ಬರದಲ್ಲಿ ಬೆಂದವನಿಗೆ ಅದರ ಬೆಲೆ ಗೊತ್ತು. ಹತ್ತು ಎಕರೆ ಒಣಭೂಮಿ ಇದ್ದವನಿಗೆ ಮೊದಲ ವರ್ಷದಲ್ಲಿಯೇ ಎರಡು ಲಕ್ಷದ ಹತ್ತು ಸಾವಿರ ರೂಪಾಯಿ ಬಂದಿತು. ಆದರೆ ಹೊಲವೇ ಇಲ್ಲದೆ ಕೂಲಿಯನ್ನು ನಂಬಿದ್ದವನಿಗೆ ಗುತ್ತಿಗೆಯ ಹಣ ಬರಲಿಲ್ಲ. ಕಳೆ ಕೀಳುವ ಕೆಲಸ, ಕಾಯಿ ಬಿಡಿಸುವ ಕೆಲಸ ಮಾತ್ರ ಹೋಯಿತು. ಕುರಿ ಮೇಯಿಸುವವನಿಗೆ ಬೇಲಿ ಅಡ್ಡವಾಯಿತು. ಕಾವಲು ಕಾಯುವುದು, ಫಲಕ ತೊಳೆಯುವುದು, ಹುಲ್ಲು ಕೀಳುವುದು ಇಂಥ ಕೆಲಸಗಳು ಕೆಲವರಿಗೆ ಸಿಕ್ಕಿದವು, ಎಲ್ಲರಿಗೂ ಸಿಕ್ಕಲಿಲ್ಲ. ಒಂದೇ ಬೀದಿಯಲ್ಲಿ ಒಂದು ಮನೆಯ ಮೇಲೆ ಮಳೆಗರೆದು ಪಕ್ಕದ ಮನೆಯನ್ನು ಒಣಗಲು ಬಿಟ್ಟಂತೆ ಆಯಿತು. ಹೊಸ ಮನೆಗಳ ಬಣ್ಣವನ್ನು ಮಾತ್ರ ನೋಡಿ ಊರಿನ ಏಳಿಗೆಯನ್ನು ಅಳೆಯುವವರು ಈ ಸಂಗತಿಯನ್ನು ಮರೆಯಬಾರದು.

ಇನ್ನೊಂದು ಸೂಕ್ಷ್ಮವುಂಟು. ಗುತ್ತಿಗೆ ಬರೆದ ವರ್ಷ ಹುಟ್ಟಿದ ಮಗುವಿಗೆ ಅದು ಮುಗಿಯುವ ಹೊತ್ತಿಗೆ ಇಪ್ಪತ್ತೆಂಟು ವರ್ಷ. ನೆಲ ಅವನದೇ, ಆದರೆ ಅದರಲ್ಲಿ ನೇಗಿಲು ಹಿಡಿದು ಹೆಜ್ಜೆಯಿಟ್ಟವನಲ್ಲ. ಆರಿದ್ರೆಗೂ ಆಶ್ಲೇಷೆಗೂ ವ್ಯತ್ಯಾಸ ಅವನಿಗೆ ತಿಳಿದಿರಬೇಕಾದ ಅಗತ್ಯವೇ ಬಿದ್ದಿರುವುದಿಲ್ಲ. ಅಷ್ಟು ಕಾಲವೂ ಅವನನ್ನು ಊರಿಗೆ ಕಟ್ಟಿಹಾಕಬಲ್ಲದ್ದು ಯಾವುದು? ಹೊಲವಲ್ಲ, ಮನೆ. ಆದುದರಿಂದಲೇ ಈ ಊರುಗಳಲ್ಲಿ ಮನೆಯೆಂಬುದು ಹಿಂದಿಗಿಂತ ಹೆಚ್ಚಿನ ಭಾರವನ್ನು ಹೊರಬೇಕಾಗಿದೆ. ಅದು ಗಟ್ಟಿಯಾಗಿರಬೇಕಾದರೆ ಮೂರು ಸಂಗತಿಗಳತ್ತ ಗಮನವಿಡುವುದು ಒಳ್ಳೆಯದು.

ಮೊದಲನೆಯದು ಕಾಗದ. ಹೊಲಕ್ಕೆ ಪಹಣಿಯಿದೆ, ಸರ್ವೆ ನಂಬರಿದೆ, ನಕಾಶೆಯಿದೆ. ಊರೊಳಗಿನ ಮನೆಗೆ? ಹತ್ತೊಂಬತ್ತನೆಯ ಶತಮಾನದ ಕಂದಾಯದ ಮೋಜಣಿಯಲ್ಲಿ ಹೊಲಗಳನ್ನು ಸರಪಣಿ ಹಿಡಿದು ಅಳೆದರು. ಜನ ವಾಸವಾಗಿದ್ದ ಜಾಗವನ್ನು ಗ್ರಾಮಠಾಣಾ ಎಂದು ಗುರುತು ಮಾಡಿ ಬಿಟ್ಟುಬಿಟ್ಟರು. ಕಂದಾಯವಿಲ್ಲದ ನೆಲದ ಗೊಡವೆ ಸರ್ಕಾರಕ್ಕೆ ಬೇಕಿರಲಿಲ್ಲ. ಅದರಿಂದಾಗಿ ನಾಲ್ಕು ತಲೆಮಾರು ಬಾಳಿದ ಮನೆಗೂ ಗಟ್ಟಿ ದಾಖಲೆಯಿಲ್ಲದೆ ಹೋಗುವುದುಂಟು. 2013ರಿಂದ ಕರ್ನಾಟಕದಲ್ಲಿ ಇ-ಸ್ವತ್ತು ಪದ್ಧತಿ ಬಂದಿದೆ. ಗ್ರಾಮ ಪಂಚಾಯತಿಯಲ್ಲಿ ನಮೂನೆ 9 ಮತ್ತು 11ನ್ನು ಪಡೆಯಬಹುದು. 2020ರ ಏಪ್ರಿಲ್ 24ರಂದು ಕೇಂದ್ರ ಸರ್ಕಾರವು ಸ್ವಾಮಿತ್ವ ಯೋಜನೆಯನ್ನು ಆರಂಭಿಸಿ, ಊರೊಳಗಿನ ಮನೆಗಳನ್ನು ಡ್ರೋನಿನಿಂದ ಅಳೆಯುವ ಏರ್ಪಾಟು ಮಾಡಿತು. ಈ ಕಾಗದವಿಲ್ಲದಿದ್ದರೆ ಬ್ಯಾಂಕಿನ ಸಾಲವಿಲ್ಲ, ಪಾಲುಪಾರಿಕತ್ತು ಆಗುವಾಗ ಜಗಳ ತಪ್ಪಿದ್ದಲ್ಲ. ಮನೆಗೆ ಬಣ್ಣ ಬಳಿಯುವುದಕ್ಕೆ ಮುಂಚೆ ಖಾತೆ ಸರಿಮಾಡಿಸಿಕೊಳ್ಳಿ. ಸಾಧ್ಯವಾದರೆ ಅದರಲ್ಲಿ ಮನೆಯಾಕೆಯ ಹೆಸರೂ ಇರಲಿ. 2005ರ ಸೆಪ್ಟೆಂಬರ್ 9ರಿಂದ ಹಿಂದೂ ಉತ್ತರಾಧಿಕಾರದ ಕಾನೂನು ಮಗಳಿಗೂ ಮಗನಿಗೆ ಸಮನಾದ ಹಕ್ಕನ್ನು ಪಿತ್ರಾರ್ಜಿತದಲ್ಲಿ ಕೊಟ್ಟಿದೆ. ಮನೆಯನ್ನು ಸಾರಿಸಿ ಗುಡಿಸಿ ಉಳಿಸಿದವಳ ಹೆಸರು ಕಾಗದದಲ್ಲಿಯೂ ಕಂಡರೆ ಯಾರ ಮಾನಕ್ಕೂ ಕುಂದಿಲ್ಲ.

ಎರಡನೆಯದು ನೀರು. ಈ ತಾಲ್ಲೂಕಿನ ಅಂತರ್ಜಲದಲ್ಲಿ ಫ್ಲೋರೈಡಿನ ದೋಷವಿರುವುದು ಬಹುಕಾಲದಿಂದ ತಿಳಿದ ವಿಷಯ. ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದರೆ ಅಪಾಯ. ಮೊದಲು ಮಕ್ಕಳ ಹಲ್ಲು ಕಂದಾಗುತ್ತದೆ. ವರ್ಷಗಟ್ಟಲೆ ಕುಡಿದರೆ ಮೂಳೆ ಬಿಗಿದು ಬೆನ್ನು ಬಾಗುತ್ತದೆ. ಕುದಿಸಿದರೆ ಈ ದೋಷ ಹೋಗುವುದಿಲ್ಲ. ನೀರು ಆವಿಯಾಗಿ ಹೋದಷ್ಟೂ ಅಂಶ ಹೆಚ್ಚುತ್ತದೆ. ಮಳೆಯ ನೀರಿನಲ್ಲಿ ಈ ದೋಷವಿಲ್ಲ. ಲೆಕ್ಕ ಹಾಕಿ ನೋಡಿ. ಹತ್ತು ಚದರದ ಮನೆಯ ತಾರಸಿಯ ಮೇಲೆ 500 ಮಿಲಿಮೀಟರು ಮಳೆ ಬಿದ್ದರೆ ಅದು ಸುಮಾರು 46,000 ಲೀಟರು. ಚೆಲ್ಲಿದ್ದು, ಆವಿಯಾದದ್ದು ಎಂದು ಐದರಲ್ಲಿ ಒಂದು ಪಾಲು ಬಿಟ್ಟರೂ 36,000 ಲೀಟರಿಗೆ ಕಡಮೆಯಿಲ್ಲ. ಐದು ಜನರ ಸಂಸಾರಕ್ಕೆ ಕುಡಿಯಲು, ಅಡಿಗೆಗೆ ದಿನಕ್ಕೆ 50 ಲೀಟರು ಸಾಕು ಎಂದುಕೊಂಡರೆ ವರ್ಷಕ್ಕೆ ಬೇಕಾದದ್ದು 18,250 ಲೀಟರು. ಅರ್ಧ ಮಳೆ ಕೈಕೊಟ್ಟರೂ ಸಂಸಾರ ತೂಗುತ್ತದೆ. ತಾರಸಿ ಹಾಕಿಸುವಾಗಲೇ ಇಳಿಜಾರು, ಕೊಳವೆ, ಸೋಸುವ ಗುಂಡಿ, ಮುಚ್ಚಿದ ತೊಟ್ಟಿ ಇವುಗಳಿಗೆ ಹಣ ತೆಗೆದಿಡಿ. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು ಅನಂತರ ತುಂಬಿಸಿಕೊಳ್ಳಬೇಕು. ನಲ್ಲಿಗೆ ನದಿಯ ನೀರು ಬಂದ ಮನೆಯಲ್ಲಿಯೂ ಈ ತೊಟ್ಟಿ ದಂಡವಲ್ಲ.

ಮೂರನೆಯದು ನೆರಳು. ಹಳೆಯ ಮಾಳಿಗೆಯ ಒಂದಡಿಗೂ ಮೀರಿದ ಮಣ್ಣು ಬಿಸಿಲನ್ನು ತಾನೇ ನುಂಗಿಕೊಂಡು ಒಳಗನ್ನು ತಂಪಾಗಿರಿಸುತ್ತಿತ್ತು. ಸಿಮೆಂಟಿನ ತೆಳು ತಾರಸಿ ಹಗಲಿನ ಕಾವನ್ನು ರಾತ್ರಿಗೆ ಎತ್ತಿಟ್ಟು, ಮಲಗಿದವನ ಮೇಲೆ ಸುರಿಯುತ್ತದೆ. ಹಾಗೆಂದು ಎಲ್ಲರೂ ಮಣ್ಣಿನ ಮಾಳಿಗೆಗೇ ಹಿಂದಿರುಗಿ ಎಂದು ಹೇಳುವುದು ಅವಿವೇಕ. ತೊಲೆಗೆ ಮರವೆಲ್ಲಿದೆ? ವರ್ಷವರ್ಷವೂ ಚೌಳು ತುಳಿಯುವ ಆಳೆಲ್ಲಿ? ತಾರಸಿಗೆ ಯುಗಾದಿಗೊಮ್ಮೆ ಬಿಳಿ ಸುಣ್ಣ ಬಳಿದರೆ ಕಾವು ಎಷ್ಟೋ ಇಳಿಯುತ್ತದೆ. ಪಶ್ಚಿಮದ ಗೋಡೆಗೆ ಒಂದು ಬೇವು ಅಥವಾ ಹೊಂಗೆ ನೆಡಿ. ಮತ್ತು ಜಗಲಿಯನ್ನು ಬಿಡಬೇಡಿ. ಹೊಸ ಮನೆಗಳಲ್ಲಿ ಜಗಲಿ ಹೋಗಿ ಕಬ್ಬಿಣದ ಗೇಟು ಬರುತ್ತಿದೆ. ಜಗಲಿಯೆಂದರೆ ಬೀದಿಗೆ ಮನೆ ಚಾಚಿದ ಕೈ. ಹುಣಸೆ ಬಡಿಯುವ ಕೂಲಿಯ ಹೆಂಗಸಿಗೂ, ಬಿಸಿಲಲ್ಲಿ ಬಂದ ದಾರಿಹೋಕನಿಗೂ, ಗುತ್ತಿಗೆಯ ಹಣವಿಲ್ಲದ ಪಕ್ಕದ ಮನೆಯವನಿಗೂ ಕುಳಿತುಕೊಳ್ಳಲು ಒಂದಿಷ್ಟು ಜಾಗ ಅಲ್ಲಿರುತ್ತದೆ. ಊರಿನಲ್ಲಿ ಹಣ ಎರಡು ಬಗೆಯಾಗಿ ಒಡೆದಿರುವಾಗ ಈ ಮೂರಡಿ ಅಗಲದ ಕಲ್ಲು ಮಾಡುವ ಕೆಲಸ ಸಣ್ಣದಲ್ಲ.

ಹೊಲ ಗುತ್ತಿಗೆಗೆ ಹೋಯಿತೆಂದು ಒಕ್ಕಲುತನವೇ ಮುಗಿಯಿತೆಂದು ಭಾವಿಸಬೇಕಾಗಿಲ್ಲ. ಬೇಲಿಯ ಹೊರಗೆ ಉಳಿದಿರುವ ತುಂಡು ನೆಲದಲ್ಲಿ, ಹಿತ್ತಿಲಿನಲ್ಲಿ ಒಂದು ಸಾಲು ಅವರೆ, ಒಂದು ಸಾಲು ತೊಗರಿ ಹಾಕಿ, ಮಕ್ಕಳ ಕೈಯಲ್ಲಿಯೇ ಬಿತ್ತಿಸಿ. ಯಾವ ಮಳೆ ಯಾವಾಗ ಹುಟ್ಟುತ್ತದೆಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಅವರಿಂದಲೇ ಗುರುತು ಮಾಡಿಸಿ. ಇಪ್ಪತ್ತೆಂಟು ವರ್ಷ ಕಳೆದು ನೆಲ ಕೈಗೆ ಬಂದಾಗ, ಅದನ್ನು ಮತ್ತೆ ಉಳುವುದೋ ಬಿಡುವುದೋ ಎಂಬ ತೀರ್ಮಾನ ಅವರದು. ಆದರೆ ಉಳಲು ಬಾರದೆ ಬಿಟ್ಟೆವೆಂದು ಅವರು ಹೇಳುವಂತಾಗಬಾರದು. ಅಲ್ಲಿಯವರೆಗೆ ಮನೆಯೇ ಹೊಲದ ನೆನಪನ್ನು ಕಾಪಾಡಿಕೊಂಡಿರಬೇಕು. ಒಕ್ಕಲೆಂಬ ಮಾತಿಗೆ ಅರ್ಥ ಉಳಿಯುವುದು ಹಾಗೆ.