ಜಟಾಯುವಿನ ವಂಶ, ದನದ ಮದ್ದು
(ಜನಕಪುರಿಯ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಜನಕಪುರಿಯ ಮನೆಗಳು ಏಳುತ್ತಿದ್ದ ಎಪ್ಪತ್ತರ ದಶಕದಲ್ಲಿಯೇ ಇಲ್ಲಿಗೆ ಬಂದು ನೆಲೆಸಿದ ಹಿರಿಯರು ಈ ಸಭೆಯಲ್ಲಿದ್ದೀರಿ. ದೆಹಲಿಯ ಆಕಾಶದಲ್ಲಿ ಬಿಳಿಬೆನ್ನಿನ ರಣಹದ್ದುಗಳು ಹಿಂಡುಹಿಂಡಾಗಿ ಸುತ್ತುತ್ತಿದ್ದುದನ್ನು ಕಂಡವರು ನೀವು. ಆ ಹಿಂಡುಗಳು ಇಂದಿಲ್ಲ. ಅವನ್ನು ಬೇಟೆಗಾರರು ಕೊಲ್ಲಲಿಲ್ಲ. ದನಗಳ ಮೇಲಿನ ನಮ್ಮ ಕರುಣೆ ಕೊಂದಿತು. ಕರುಣೆಯೆಂದೆ, ಹಾಲಿನ ಲೆಕ್ಕಾಚಾರವೂ ಅದರಲ್ಲಿ ಇದ್ದೀತು.

ನಮ್ಮಲ್ಲಿ ಅನೇಕರು ನೋಡಿಬಂದಿರುವ ಭರತಪುರದ ಕೇವಲಾದೇವ ಉದ್ಯಾನದಲ್ಲಿ 1987-88ರಲ್ಲಿ ಈ ಹಕ್ಕಿಯ 353 ಜೋಡಿಗಳು ಗೂಡುಕಟ್ಟಿದ್ದವು. ಪಕ್ಷಿವಿಜ್ಞಾನಿ ವಿಭು ಪ್ರಕಾಶರು 1996ರಲ್ಲಿ ಎಣಿಸಿದಾಗ ಉಳಿದದ್ದು ಸುಮಾರು 150. ಮುಂದೆ ಕೆಲವೇ ವರ್ಷಗಳಲ್ಲಿ ಅವೂ ಇಲ್ಲವಾದವು. ಕತ್ತು ಜೋಲುಬಿದ್ದು ಕುಳಿತ ಹಕ್ಕಿ ಕೊಂಬೆಯಿಂದಲೇ ಕೆಳಗುರುಳುತ್ತಿತ್ತು. ಕ್ರಿಮಿನಾಶಕವೆಂದು ಕೆಲವರು, ವೈರಸ್ಸೆಂದು ಕೆಲವರು ಶಂಕಿಸಿದರು. ಉತ್ತರ ದೊರೆತದ್ದು 2004ರಲ್ಲಿ, ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯಿಂದ: ಡೈಕ್ಲೋಫೆನಾಕ್. ಮಂಡಿನೋವಿಗೆ ನಾವು ನುಂಗುವ ಮದ್ದೇ ಅದು! ದನಕ್ಕೆ ಚುಚ್ಚಿದ್ದು ಸತ್ತ ದನದ ಮಾಂಸದಲ್ಲಿ ಉಳಿದು, ತಿಂದ ಹದ್ದಿನ ಮೂತ್ರಪಿಂಡವನ್ನು ಕೆಡಿಸುತ್ತಿತ್ತು. ಯೂರಿಕ್ ಆಮ್ಲವು ಒಳಾಂಗಗಳ ಮೇಲೆ ಬಿಳಿಯ ಹಿಟ್ಟಿನಂತೆ ಕೂರುತ್ತಿತ್ತು. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ವಿಷವಾಗಿದ್ದರೂ ಈ ನಾಶಕ್ಕೆ ಸಾಕೆಂದು ವಿಜ್ಞಾನಿಗಳು ಲೆಕ್ಕಹಾಕಿದರು. ಒಂದೇ ಹೆಣಕ್ಕೆ ಹತ್ತಾರು ಹಕ್ಕಿಗಳು ಎರಗುತ್ತವೆ. ಜೋಡಿಯೊಂದು ವರ್ಷಕ್ಕೆ ಇಡುವುದೋ ಒಂದೇ ಮೊಟ್ಟೆ.

ಹದ್ದಿಲ್ಲದ ಬಯಲಿನಲ್ಲಿ ಹೆಣಗಳು ನಾಯಿಗಳ ಪಾಲಾದವು. ನಾಯಿಗಳು ಹೆಚ್ಚಿದಲ್ಲಿ ಹುಚ್ಚುನಾಯಿ ರೋಗದ ಭಯವೂ ಹೆಚ್ಚಿತು.

2006ರಲ್ಲಿ ಸರ್ಕಾರ ಈ ಮದ್ದನ್ನು ಪಶುಚಿಕಿತ್ಸೆಯಿಂದ ನಿಷೇಧಿಸಿತು. ಆದರೆ ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಗಳು ಕೊಟ್ಟಿಗೆ ಸೇರುತ್ತಲೇ ಇದ್ದವು. ಸೀಸೆಯ ಅಳತೆಯನ್ನು 3 ಮಿಲಿಲೀಟರಿಗೆ ಇಳಿಸಲು 2015 ಬರಬೇಕಾಯಿತು. ಹದ್ದಿಗೆ ಅಷ್ಟೇ ಮಾರಕವಾದ ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಪಶುಗಳಿಗೆ ನಿಷಿದ್ಧವಾಗಲು 2023. ಹಕ್ಕಿ ಸತ್ತ ವೇಗವೆಲ್ಲಿ, ಕಡತ ನಡೆದ ವೇಗವೆಲ್ಲಿ!

ನಮ್ಮ ನಾಡಿನಲ್ಲಿ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಧಾಮವಾಯಿತು. ‘ಶೋಲೆ’ ಚಿತ್ರದ ಬಂಡೆಗಳೆಂದು ದೆಹಲಿಯ ನೆರೆಹೊರೆಯವರಿಗೆ ನಾವು ಹೆಮ್ಮೆಯಿಂದ ಹೇಳುವ ಸೀಮೆಯೇ ಅದು. ಅಲ್ಲಿಯ ಉದ್ದಕೊಕ್ಕಿನ ಹದ್ದುಗಳು ಈಗ ಬೆರಳೆಣಿಕೆಯಷ್ಟು. ಬೆಟ್ಟಕ್ಕೆ ಬೇಲಿ ಹಾಕಬಹುದು. ಹದ್ದು ಊಟಕ್ಕೆ ಹಾರುವ ದೂರಕ್ಕೆ ಬೇಲಿಯಿಲ್ಲ.

ಮೆಲೊಕ್ಸಿಕಾಮ್ ಎಂಬ ಮದ್ದು ದನದ ನೋವನ್ನೂ ಇಳಿಸುತ್ತದೆ, ಹದ್ದನ್ನೂ ಕೊಲ್ಲುವುದಿಲ್ಲ. ನಮ್ಮಲ್ಲಿ ಹಬ್ಬಕ್ಕೊಮ್ಮೆ ಗೋಶಾಲೆಗೆ ಕಾಣಿಕೆ ಕೊಡುವವರು ಹಲವರಿದ್ದೀರಿ. ಮುಂದಿನ ಸಲ ರಸೀದಿ ಪಡೆಯುವಾಗ, ನೋವಿಗೆ ಅಲ್ಲಿ ಯಾವ ಚುಚ್ಚುಮದ್ದು ಕೊಡುತ್ತಾರೆಂದು ದಯವಿಟ್ಟು ಕೇಳಿ ಬನ್ನಿ.