ಸಮನ್ಸ್‌ಗೆ ಮೌನವು ಉತ್ತರವಲ್ಲ

(ಕಾನೂನು ಅರಿವು ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಂತಿನ ಸಾಲ ಬಾಕಿಯುಳಿದ ಮನೆಗೆ ನ್ಯಾಯಾಲಯದ ಅಮೀನ ಬಂದಾಗ ನಮ್ಮ ಓಣಿಗಳಲ್ಲಿ ನಡೆಯುವುದೇನು? ಯಜಮಾನ ಹಿಂಬಾಗಿಲಿನಿಂದ ಹೊರಡುತ್ತಾನೆ. 'ಅವರು ಮನೆಯಲ್ಲಿಲ್ಲ' ಎಂದು ಮಡದಿ ಹೇಳುತ್ತಾಳೆ. ನೆರೆಯವರಿಗೆ ತಿಳಿದರೆ ಮಾನ ಹೋದೀತೆಂಬ ಭಯ ಇಬ್ಬರಿಗೂ. ಆದರೆ ಸಮನ್ಸ್ ಪಡೆಯಲು ನಿರಾಕರಿಸಿದರೆ ಅದನ್ನು ಬಾಗಿಲಿಗೆ ಅಂಟಿಸಬಹುದು. ನ್ಯಾಯಾಲಯವು ಅದನ್ನು ಜಾರಿಯಾದುದೆಂದೇ ಪರಿಗಣಿಸಬಹುದು. ಪ್ರತಿವಾದಿ ಬಾರದಿದ್ದರೆ ವಾದಿಯ ಲೆಕ್ಕವೇ ಲೆಕ್ಕ. ಏಕಪಕ್ಷೀಯ ಡಿಕ್ರಿಯಾಗುತ್ತದೆ. ಮಾನ ಉಳಿಸಲು ಓಡಿದವನ ಮನೆಗೆ ಜಪ್ತಿಯ ಆದೇಶ ಬರುತ್ತದೆ.

ನ್ಯಾಯಾಲಯಕ್ಕೆ ಹಾಜರಾಗುವುದೆಂದರೆ ಸಾಲವನ್ನು ಅಲ್ಲಗಳೆಯುವುದೆಂದಲ್ಲ. ಲೆಕ್ಕ ಕೇಳುವುದೆಂದು ಅರ್ಥ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವು ಸಾಲವನ್ನು ಬರೆದಿಡುವ ಕುರಿತಾಗಿದೆ ಎಂಬುದನ್ನು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಹಾಗಿದ್ದೂ ಖಾಲಿ ಕಾಗದಕ್ಕೆ ಸಹಿ ಹಾಕುತ್ತೇವೆ, ಕಟ್ಟಿದ ಕಂತಿನ ರಸೀದಿಯನ್ನು ಕಳೆದುಕೊಳ್ಳುತ್ತೇವೆ.

ಸಮನ್ಸ್ ಬಂದರೆ ಮೊದಲು ಅದರಲ್ಲಿರುವ ದಿನಾಂಕವನ್ನು ನೋಡಬೇಕು. ಸಾಮಾನ್ಯ ದಾವೆಯಲ್ಲಿ ಲಿಖಿತ ಹೇಳಿಕೆ ಸಲ್ಲಿಸಲು 30 ದಿನಗಳಿವೆ. ನ್ಯಾಯಾಲಯವು ಅದನ್ನು 90 ದಿನಗಳವರೆಗೆ ವಿಸ್ತರಿಸಬಹುದು. ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೇ ಆದೇಶದಡಿಯ ಸಂಕ್ಷಿಪ್ತ ದಾವೆಯಾಗಿದ್ದರೆ 10 ದಿನಗಳೊಳಗೆ ಹಾಜರಾತಿ ದಾಖಲಿಸಬೇಕು. ಚೆಕ್ ಅಮಾನ್ಯದ ಮೊಕದ್ದಮೆ ಇವೆರಡಕ್ಕಿಂತ ಬೇರೆ. ಅದು ಕ್ರಿಮಿನಲ್ ಸ್ವರೂಪದ್ದು. ತಪ್ಪಿಸಿಕೊಂಡರೆ ವಾರಂಟ್ ಬರಬಹುದು.

ಲಿಖಿತ ಹೇಳಿಕೆಯಲ್ಲಿ 'ದಾವೆ ಸುಳ್ಳು' ಎಂದಷ್ಟೇ ಬರೆದರೆ ಸಾಲದು. ಸ್ಪಷ್ಟವಾಗಿ ಅಲ್ಲಗಳೆಯದ ಅಂಶವನ್ನು ಒಪ್ಪಿದಂತೆಯೇ ಭಾವಿಸಬಹುದು. ಪಡೆದದ್ದೆಷ್ಟು, ಕಟ್ಟಿದ್ದೆಷ್ಟು, ಬಡ್ಡಿ ಮತ್ತು ದಂಡ ಯಾವ ಕರಾರಿನ ಪ್ರಕಾರ ಎಂದು ಒಂದೊಂದಾಗಿ ಹೇಳಬೇಕು. ನಿಜವಾದ ಬಾಕಿಯನ್ನು ಒಪ್ಪಿಕೊಂಡು ಕಂತಿನಲ್ಲಿ ತೀರಿಸಲು ಅವಕಾಶ ಕೋರಬಹುದು. ಅಂಥ ಆದೇಶ ನೀಡುವ ಅಧಿಕಾರ ನ್ಯಾಯಾಲಯಕ್ಕಿದೆ.

ಕಾಲಮಿತಿಯ ವಿಷಯವೂ ಇದೆ. 1963ರ ಕಾಯ್ದೆಯಂತೆ ಇಂತಹ ಸಾಲದ ವಸೂಲಿಗೆ ಸಾಮಾನ್ಯವಾಗಿ ಮೂರು ವರ್ಷಗಳೊಳಗೆ ದಾವೆ ಹೂಡಬೇಕು. ಅವಧಿಯೊಳಗೆ ಸಾಲವನ್ನು ಒಪ್ಪಿ ಸಹಿ ಹಾಕಿದರೆ ಎಣಿಕೆ ಹೊಸದಾಗಿ ಆರಂಭವಾಗುತ್ತದೆ. ವಸೂಲಿಗಾರ ಮುಂದೊಡ್ಡುವ ಕಾಗದವನ್ನು ಓದದೆ ಸಹಿ ಮಾಡಬಾರದೆನ್ನುವುದು ಅದಕ್ಕಾಗಿಯೇ. ಆದರೆ ಸಹೋದರರೇ, ಕಾಲಮಿತಿಯು ನ್ಯಾಯಾಲಯದ ಬಾಗಿಲನ್ನು ಮುಚ್ಚುತ್ತದೆಯೇ ಹೊರತು ಋಣವನ್ನು ಅಳಿಸುವುದಿಲ್ಲ. ಶಕ್ತಿಯಿದ್ದೂ ತೀರಿಸದವನಿಗೆ ನಾವು ಇಲ್ಲಿ ಉಪಾಯ ಹೇಳಿಕೊಡುತ್ತಿಲ್ಲ.

'ಜೈಲಿಗೆ ಹಾಕಿಸುತ್ತೇವೆ' ಎಂಬ ಬೆದರಿಕೆಗೆ ಎಷ್ಟೋ ಕುಟುಂಬಗಳು ನಲುಗಿವೆ. ತೀರಿಸುವ ಶಕ್ತಿಯೇ ಇಲ್ಲದವನನ್ನು ಹಣದ ಡಿಕ್ರಿಗಾಗಿ ಬಂಧನದಲ್ಲಿಡುವಂತಿಲ್ಲವೆಂದು ಸುಪ್ರೀಂ ಕೋರ್ಟು ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ 1980ರಲ್ಲಿಯೇ ಹೇಳಿದೆ. ಅಗತ್ಯ ಉಡುಪು, ಹಾಸಿಗೆ, ಅಡುಗೆ ಪಾತ್ರೆ, ಕುಶಲಕರ್ಮಿಯ ಉಪಕರಣ ಹಾಗೂ ಕೂಲಿಕಾರನ ಕೂಲಿಯನ್ನು ಜಪ್ತಿ ಮಾಡುವಂತಿಲ್ಲ. ಕಿರುಸಾಲಗಳ ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕ ಸರ್ಕಾರವು 2025ರಲ್ಲಿ ಕಾನೂನು ತಂದಿದೆ. ಏಕಪಕ್ಷೀಯ ಡಿಕ್ರಿ ಆಗಿಬಿಟ್ಟಿದ್ದರೂ, ಸೂಕ್ತ ಕಾರಣವಿದ್ದರೆ 30 ದಿನಗಳೊಳಗೆ ಅದರ ರದ್ದತಿಗೆ ಅರ್ಜಿ ಹಾಕಬಹುದು.

ವಕೀಲರಿಗೆ ಕೊಡಲು ಹಣವೆಲ್ಲಿದೆ ಎನ್ನುವಿರಾ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರು ಆದಾಯ ಎಷ್ಟೇ ಇರಲಿ ಉಚಿತ ನೆರವಿಗೆ ಅರ್ಹರು. ನಿಗದಿತ ಆದಾಯ ಮಿತಿಯೊಳಗಿನ ಪುರುಷರೂ ಅರ್ಹರು. ತಾಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕೇಳಬೇಕು. ಲೋಕ ಅದಾಲತಿನಲ್ಲಿ ರಾಜಿಯಾಗಬಹುದು. ಆದರೆ ಅಲ್ಲಿನ ತೀರ್ಪಿಗೆ ಮೇಲ್ಮನವಿ ಇಲ್ಲವಾದ್ದರಿಂದ ಕಟ್ಟಲಾಗುವ ಕಂತಿಗೆ ಮಾತ್ರ ಒಪ್ಪಬೇಕು.

ನಮ್ಮ ಪ್ರತಿ ಮೊಹಲ್ಲಾದಲ್ಲಿ ಪದವೀಧರ ಯುವಕ ಯುವತಿಯರಿದ್ದಾರೆ. ನೆರೆಮನೆಗೆ ಬಂದ ಸಮನ್ಸನ್ನು ಓದಿ ದಿನಾಂಕ ತಿಳಿಸಲು, ಆ ದಿನ ಜೊತೆಗೆ ಹೋಗಲು ಅವರಲ್ಲಿ ಒಬ್ಬರು ಮುಂದೆ ಬರಲಿ. ಓದಿದ ವಿಷಯವನ್ನು ಚಹದಂಗಡಿಗೆ ಒಯ್ಯದಿರಲಿ. ಇಷ್ಟಾದರೆ ಹಿಂಬಾಗಿಲಿನಿಂದ ಓಡುವವರ ಸಂಖ್ಯೆ ತಾನಾಗಿ ಕಡಿಮೆಯಾದೀತು.